ಕ್ಯಾನ್ಸರ್ ಡೇಟಾ ಕಲಿಯೋಕೆ ಗ್ಯಾಲಕ್ಸಿ ಸರ್ವರ್: ಕಲಬುರಗಿಯಿಂದ ಒಂದು ವಿಮರ್ಶೆ

ಕಲಬುರಗಿಯಲ್ಲಿ ಬಯೋಟೆಕ್ ಓದುವವರು, ನನ್ನ ಹಾಗೆ ಪಾಠ ಮಾಡುವವರು, ಎಲ್ಲರೂ ಒಮ್ಮೆ ಯೂಸ್‌ಗ್ಯಾಲಕ್ಸಿ ಡಾಟ್ ಇಯು ಬಳಸಿ ನೋಡಿ. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು ನಡೆಸುವ ಸರ್ವರ್ ಇದು, ಡಿಎನ್ಎಯಂಥ ಡೇಟಾವನ್ನು ಬ್ರೌಸರ್‌ನಲ್ಲೇ ವಿಶ್ಲೇಷಿಸುವ ಟೂಲ್‌ಗಳು ಇದರಲ್ಲಿವೆ. ದುಡ್ಡು ಕೊಡಬೇಕಿಲ್ಲ. ಖಾತೆ ತೆರೆದರೆ 250 ಜಿಬಿ ಜಾಗ ಸಿಗುತ್ತದೆ.

ಮನುಷ್ಯನ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಕ್ಯಾನ್ಸರ್ ಗಡ್ಡೆಯ ಡಿಎನ್ಎ ಒಂದು ಕಡೆ, ಅದೇ ರೋಗಿಯ ರಕ್ತದ್ದು ಇನ್ನೊಂದು ಕಡೆ ಇಟ್ಟು, ಒಂದೊಂದು ಜಾಗವನ್ನೂ ಹತ್ತಾರು ಸಲ ಓದಿ, ಗಡ್ಡೆಯಲ್ಲಿ ಮಾತ್ರ ಏನು ಬದಲಾಗಿದೆ ಅಂತ ಹುಡುಕಬೇಕು. ಸಾಮಾನ್ಯ ಕಂಪ್ಯೂಟರ್‌ಗೆ ಇದು ಆಗುವ ಮಾತಲ್ಲ. ಆರ್‌ಎನ್‌ಎ (ಜೀವಕೋಶ ಡಿಎನ್ಎಯಿಂದ ಮಾಡಿಕೊಳ್ಳುವ ನಕಲು) ಡೇಟಾಗೆ ಬಳಸುವ ಸ್ಟಾರ್ ಅನ್ನೋ ಒಂದೇ ಟೂಲ್ 30 ಜಿಬಿ ಹತ್ತಿರ ರ‍್ಯಾಮ್ ಕೇಳುತ್ತದೆ, ನಮ್ಮ ಕಾಲೇಜು ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಇರೋದು 8. ಗ್ಯಾಲಕ್ಸಿಯಲ್ಲಿ ಆ ಭಾರವೆಲ್ಲ ಅವರ ಕ್ಲಸ್ಟರ್, ಅಂದರೆ ಒಟ್ಟಿಗೆ ಜೋಡಿಸಿದ ದೊಡ್ಡ ಕಂಪ್ಯೂಟರ್‌ಗಳ ಮೇಲೆ. ನಮಗೆ ಬ್ರೌಸರ್ ಸಾಕು.

ನನಗೆ ತುಂಬಾ ಹಿಡಿಸಿದ್ದು ಡೇಟಾ ತರುವ ರೀತಿ. ಯುರೋಪಿನ ಸಾರ್ವಜನಿಕ ಡಿಎನ್ಎ ಡೇಟಾ ಸಂಗ್ರಹದ ಲಿಂಕ್ ಹಾಕಿದರೆ ಫೈಲು ನೇರವಾಗಿ ಅವರ ಸರ್ವರ್‌ಗೇ ಹೋಗುತ್ತದೆ, ನಮ್ಮ ನೆಟ್ ನಿಧಾನ ಇದ್ದರೂ ಚಿಂತೆ ಇಲ್ಲ. ಮೇ ತಿಂಗಳ ಬಿಸಿಲಲ್ಲಿ ಕರೆಂಟ್ ಹೋದರೂ ಕೊಟ್ಟ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ಯಾವ ಟೂಲ್, ಯಾವ ಸೆಟ್ಟಿಂಗ್ ಅನ್ನೋದೆಲ್ಲ ಹಿಸ್ಟರಿಯಲ್ಲಿ ಉಳಿಯುತ್ತದೆ, ಹಾಗಾಗಿ ವಿದ್ಯಾರ್ಥಿ ಎಲ್ಲಿ ತಪ್ಪಿದ ಅಂತ ಕೂತು ತೋರಿಸಬಹುದು.

ಗಡ್ಡೆ ಮತ್ತು ಆರೋಗ್ಯವಂತ ಜೀವಕೋಶದ ಡೇಟಾ ಹೋಲಿಸುವ ಉಚಿತ ಪಾಠವೂ ಇದೆ. 5, 12, 17ನೇ ಕ್ರೋಮೊಸೋಮ್ ಮಾತ್ರ ಇಟ್ಟುಕೊಂಡಿದ್ದಾರೆ, ಕಲಿಯೋಕೆ ಅಷ್ಟು ಸಾಕು. ಪಾಠ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಜೊತೆ ಯಾರಾದರೂ ಕೂರಲೇಬೇಕು. ಜಾಸ್ತಿ ಜನ ಇದ್ದಾಗ ಸರದಿಯಲ್ಲಿ ಕಾಯಬೇಕು, ಅಷ್ಟು ಬಿಟ್ಟರೆ ದೂರು ಇಲ್ಲ.

ಗುಟ್ಕಾ ನಮ್ಮ ಭಾಗದಲ್ಲಿ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಹಲವು ದೇಶಗಳು ಸೇರಿ ಕ್ಯಾನ್ಸರ್ ಡಿಎನ್ಎ ಓದಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಕೈಗೆತ್ತಿಕೊಂಡಿದ್ದೂ ಬಾಯಿ ಕ್ಯಾನ್ಸರನ್ನೇ, ಅದರ ಪ್ರಬಂಧ 2013ರಲ್ಲಿ ಬಂತು. ಈ ಕೆಲಸ ಬಲ್ಲ ಹುಡುಗ ಹುಡುಗಿಯರು ಇಲ್ಲಿಂದಲೇ ಬರಬೇಕು, ಅಲ್ವಾ?

ಆದರೆ ನಿಮ್ಮ ಪರಿಚಯದ ರೋಗಿಯ ಡೇಟಾವನ್ನು ಸುಮ್ನೆ ಅಲ್ಲಿಗೆ ಹಾಕಬೇಡಿ. ಇದು ಸಾರ್ವಜನಿಕ ಸರ್ವರ್. ರೋಗಿಯ ಒಪ್ಪಿಗೆ, ಎಥಿಕ್ಸ್ ಸಮಿತಿಯ ಅನುಮತಿ ಇಲ್ಲದೆ ಮುಟ್ಟಲೇಬಾರದು. ಅಲ್ಲಿ ಬಂದ ಫಲಿತಾಂಶ ಹಿಡಿದುಕೊಂಡು ಔಷಧಿ ಬಗ್ಗೆ ಮಾತಾಡೋದಂತೂ ಬೇಡವೇ ಬೇಡ, ಅದಕ್ಕೆ ಮಾನ್ಯತೆ ಇರುವ ಲ್ಯಾಬಿನ ವರದಿ ಬೇಕು, ಅದನ್ನು ನೋಡಿ ಹೇಳುವ ಡಾಕ್ಟರ್ ಬೇಕು.