ಸ್ಕೋಪ್ ಬೇಕು ಅಂದ್ರೆ ಅನಾಮಾರ್ಫಿಕ್ ಲೆನ್ಸೇ ಆಗಬೇಕಾ?

ಕಿರುಚಿತ್ರ ಮಾಡಲು ಹೊರಟ ಹುಡುಗರ ಮೊದಲ ಪ್ರಶ್ನೆ ಇದೇ: ‘ಸ್ಕೋಪಲ್ಲಿ ತೆಗೀತೀವಿ, ಅನಾಮಾರ್ಫಿಕ್ ಬಾಡಿಗೆಗೆ ತರಬೇಕಾ ಸರ್?’ ಸ್ಕೋಪ್ ಅಂದರೆ ಎತ್ತರದ ಸುಮಾರು 2.4 ಪಟ್ಟು ಅಗಲವಿರುವ ಫ್ರೇಮು, ಅನಾಮಾರ್ಫಿಕ್ ಅಂದರೆ ಚಿತ್ರವನ್ನು ಅಡ್ಡಕ್ಕೆ ಅಮುಕಿ ತೆಗೆಯುವ ಲೆನ್ಸು. ಬರೀ ಅಗಲಕ್ಕೆ ಅಂತಾದರೆ ಬೇಡ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ, ಬೆಳಕು ಹರಿಯುವ ಮುಂಚೆ, ಒಂದೇ ಕ್ಯಾಮೆರಾಗೆ ಮೂರು ಥರ ಲೆನ್ಸ್ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೊದಲನೆಯದು ಮಾಮೂಲಿ 50 ಎಂಎಂ. ತೆಗೆದದ್ದು 16:9ರಲ್ಲಿ, ಎಡಿಟಿಂಗ್‌ನಲ್ಲಿ ಮೇಲೆ ಕೆಳಗೆ ಕತ್ತರಿಸಿದರೆ 2.39:1 ಸಿಕ್ಕಿತು. 4ಕೆಯ 2160 ಸಾಲುಗಳಲ್ಲಿ ಉಳಿಯುವುದು ಸುಮಾರು 1607. ಕಾಲು ಭಾಗ ಹೋಯಿತು ಅಂತ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಯೂಟ್ಯೂಬಿಗೆ ಅದು ಧಾರಾಳ. ಶಾಟ್ ಸ್ವಲ್ಪ ಮೇಲೆ ಕೆಳಗೆ ಆಗಿದ್ದರೆ ಆಮೇಲೆ ಸರಿಮಾಡಿಕೊಳ್ಳಲೂಬಹುದು.

ಎರಡನೆಯದು 1.33 ಪಟ್ಟು ಅಮುಕುವ ಅನಾಮಾರ್ಫಿಕ್, ಅದೂ 50 ಎಂಎಂ. ಇದು ಚಿತ್ರವನ್ನು ಎಡಬಲದಿಂದ ಮಾತ್ರ ಒತ್ತಿ ಸೆನ್ಸರ್ ಮೇಲೆ ಕೂರಿಸುತ್ತದೆ, ಎತ್ತರ ಹಾಗೇ ಇರುತ್ತದೆ. ಎಡಿಟಿಂಗ್‌ನಲ್ಲಿ ಹಿಗ್ಗಿಸಿದರೆ 2.37:1. ಅಡ್ಡಕ್ಕೆ ಸುಮಾರು 37.5 ಎಂಎಂ ಲೆನ್ಸಿನಷ್ಟು ಅಗಲ ಕಾಣಿಸುತ್ತದೆ, ಮುಖ ಮಾತ್ರ 50ರಲ್ಲಿ ತೆಗೆದ ಹಾಗೇ ಇರುತ್ತದೆ. ನನಗೆ ಇಷ್ಟವಾದದ್ದು ಇದು. ಚೆಂಡುಹೂವಿನ ರಾಶಿಯ ಹಿಂದೆ ತೂಗುಹಾಕಿದ ಬಲ್ಬುಗಳು, ಫೋಕಸ್ ತಪ್ಪಿದಾಗ, ದುಂಡಗಿರದೆ ನಿಂತ ಮೊಟ್ಟೆಯ ಹಾಗೆ ಕಂಡವು. ಹೂವಿನ ಮೂಟೆ ಹೊತ್ತ ಆಟೋ ಎದುರಿಗೆ ತಿರುಗಿದ ಕೂಡಲೇ ಹೆಡ್‌ಲೈಟಿನಿಂದ ಒಂದು ನೀಲಿ ಗೆರೆ ಫ್ರೇಮಿನ ಈ ತುದಿಯಿಂದ ಆ ತುದಿಗೆ ಎಳೆದುಕೊಂಡಿತು. ಅದೇ ಗೆರೆಯನ್ನು ಮಾಮೂಲಿ ಲೆನ್ಸಿಗೆ ಫಿಲ್ಟರ್ ಹಾಕಿಯೂ ಬರಿಸಬಹುದು, ಆದರೆ ಬೀದಿದೀಪದಿಂದ ಹಿಡಿದು ಸ್ಟೀಲ್ ಬಟ್ಟಲಿನ ಹೊಳಪಿನವರೆಗೆ ಎಲ್ಲದಕ್ಕೂ ಬಂದು ವಾಕರಿಕೆ ತರಿಸುತ್ತದೆ.

ತೊಂದರೆ ಶುರುವಾದದ್ದು ಮಲ್ಲಿಗೆ ಕಟ್ಟುವ ಅಮ್ಮನ ಬೆರಳುಗಳ ಹತ್ತಿರ ಹೋದಾಗ. ಈ ಲೆನ್ಸ್ ಮುಕ್ಕಾಲು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ನೂಲು, ಮೊಗ್ಗು, ಗಂಟು ಬೇಕೆಂದರೆ ಮುಂದೆ ಡಯಾಪ್ಟರ್, ಅಂದರೆ ಹತ್ತಿರದ್ದನ್ನು ಫೋಕಸ್ ಮಾಡಿಸುವ ಗಾಜು, ಹಾಕಬೇಕು. ಮಾಮೂಲಿ ಲೆನ್ಸಿಗೆ ಆ ತಕರಾರಿಲ್ಲ. ಆ ಶಾಟ್ ಅದರಲ್ಲೇ ತೆಗೆದೆ.

ಮೂರನೆಯದು ಶೋಕಿ: ಹಳೇ ಥಿಯೇಟರ್ ಪ್ರೊಜೆಕ್ಟರಿನ 2 ಪಟ್ಟು ಅಮುಕುವ ಅನಾಮಾರ್ಫಿಕ್ ಲೆನ್ಸನ್ನು 85 ಎಂಎಂ ಮುಂದೆ ಕಟ್ಟಿದ್ದು. ಕಬ್ಬಿಣದ ಗುಂಡಿನಷ್ಟು ಭಾರ. ಎರಡು ಲೆನ್ಸಿಗೂ ಬೇರೆ ಬೇರೆ ಫೋಕಸ್ ಮಾಡಬೇಕು. ಅಷ್ಟರಲ್ಲಿ ಹೂವಿನವರು ಬುಟ್ಟಿ ಎತ್ತಿಕೊಂಡು ಹೋಗಿರುತ್ತಾರೆ. 16:9ರಲ್ಲಿ ಹಿಗ್ಗಿಸಿದರೆ 3.55:1, ಯಾರಿಗೂ ಬೇಡದ ಅಗಲ. ಕೊನೆಗೆ ಎರಡೂ ಪಕ್ಕ ಸೇರಿ ಮೂರನೇ ಒಂದು ಭಾಗ ಕತ್ತರಿಸಬೇಕು. ಹತ್ತಿರ ಫೋಕಸ್ ಮಾಡಿದಷ್ಟೂ ಅಮುಕುವುದು ಕಡಿಮೆಯಾಗುವುದರಿಂದ ಹಿಗ್ಗಿಸಿದ ಮೇಲೆ ಮುಖ ಮಂಗನಬಾವು ಬಂದಂತೆ ಊದಿಕೊಳ್ಳುತ್ತದೆ. 1953ರಲ್ಲಿ ಹಾಲಿವುಡ್ಡಿನ ಫಾಕ್ಸ್ ಕಂಪನಿ ಸಿನಿಮಾಸ್ಕೋಪ್ ತಂದಾಗ ನಟಿಯರ ಕ್ಲೋಸಪ್ಪಿಗೂ ಇದೇ ಕಾಟ, ಸರಿಪಡಿಸಿದ್ದು ಪ್ಯಾನಾವಿಷನ್ ಅನ್ನುವ ಲೆನ್ಸ್ ಕಂಪನಿ. ಸಿನಿಮಾಸ್ಕೋಪ್ ಲೆನ್ಸಿನ ಮೂಲ ಫ್ರಾನ್ಸಿನ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲಿ ಮಾಡಿದ್ದು. ಕನ್ನಡಕ್ಕೆ ಸ್ಕೋಪ್ ಬಂದದ್ದು 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದಿಂದ.

ಡಿವಿಡಿ ಕವರಿನ ಮೇಲಿನ ‘ಅನಾಮಾರ್ಫಿಕ್’ಗೂ ಈ ಲೆನ್ಸಿಗೂ ಸಂಬಂಧ ಕಟ್ಟಬೇಡಿ. ಅಲ್ಲಿ ಅಮುಕಿರುವುದು ಡಿಸ್ಕಿನೊಳಗಿನ ಚಿತ್ರವನ್ನು. 2.35ರ ಸಿನಿಮಾವನ್ನು 4:3ರೊಳಗೆ ಕಪ್ಪುಪಟ್ಟಿ ಸಮೇತ ತುಂಬಿದರೆ ನಮ್ಮಲ್ಲಿನ ಪಾಲ್ (PAL) ಟಿವಿ ಪದ್ಧತಿಯ ಡಿವಿಡಿಯ 576 ಸಾಲುಗಳಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 327. 16:9ರ ಚೌಕಟ್ಟಿನಲ್ಲಿಟ್ಟು ಅಡ್ಡಕ್ಕೆ ಅಮುಕಿ ತುಂಬಿದರೆ 436. ಚಿನ್ನಸ್ವಾಮಿಯಲ್ಲಿ ಹುಲ್ಲಿನ ಮೇಲೆ ಬರೆದ ಜಾಹೀರಾತನ್ನೂ ಅನಾಮಾರ್ಫಿಕ್ ಅಂತಲೇ ಕರೆಯುತ್ತಾರೆ, ಅದು ಇನ್ನೊಂದು ಕಥೆ: ಟಿವಿಯಲ್ಲಿ ಎದ್ದು ನಿಂತ ಬೋರ್ಡು, ಪಕ್ಕದ ಸ್ಟ್ಯಾಂಡಿನಿಂದ ನೋಡಿದರೆ ಸೊಟ್ಟ ಬಣ್ಣ. 1533ರಲ್ಲಿ ಚಿತ್ರಕಾರ ಹೋಲ್ಬೈನ್ ತನ್ನ ‘ದಿ ಅಂಬಾಸಡರ್ಸ್’ ಚಿತ್ರದ ಕೆಳಗೆ ಬಳಿದ ತಲೆಬುರುಡೆಯೂ ಹೀಗೇ, ಓರೆಯಾಗಿ ನಿಂತರೆ ಮಾತ್ರ ಬುರುಡೆ.

ನನ್ನ ಲೆಕ್ಕ: ಚಿಕ್ಕ ಕೋಣೆ, ಇಬ್ಬರ ಮಾತುಕತೆ, ಕೈಬೆರಳು, ಕಣ್ಣು ಇದ್ದರೆ ಕ್ರಾಪ್ ಸಾಕು. ರಾತ್ರಿ ರಸ್ತೆ, ಮಳೆ, ಹಿಂದೆ ಹತ್ತಾರು ದೀಪ ಇದ್ದರೆ 1.33ಕ್ಕೆ ದುಡ್ಡು ಹಾಕಿ, ಜೊತೆಗೆ +1 ಡಯಾಪ್ಟರನ್ನೂ ಕೇಳಿ ತನ್ನಿ. ಮಾನಿಟರಿನಲ್ಲಿ ಡಿಸ್ಕ್ವೀಜ್, ಅಂದರೆ ಅಮುಕಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ, ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಇಲ್ಲವಾದರೆ ಸೆಟ್ಟಿನಲ್ಲಿ ಹೀರೊ ತಾನು ತೆಳ್ಳಗಾಗಿದ್ದೇನೆ ಅಂದುಕೊಂಡು ಇನ್ನೊಂದು ಪ್ಲೇಟ್ ಇಡ್ಲಿವಡೆ ಹೇಳುತ್ತಾನೆ.