ತಾರೀಖಿಲ್ಲದ ಆರ್ಟೀಮಿಯಾ ಪೊಟ್ಟಣ ನಂಬಿ ಮೀನುಮರಿ ಕಳೆದುಕೊಳ್ಳಬೇಡಿ

ಮನೆಯ ಅಕ್ವೇರಿಯಂನಲ್ಲಿ ಏಂಜೆಲ್, ಗೌರಾಮಿ, ಬೆಟ್ಟಾ ಹೀಗೆ ಮೊಟ್ಟೆ ಇಡುವ ಮೀನುಗಳ ಜೋಡಿ ಸಾಕಿರುವವರು ಇದನ್ನು ಈಗಲೇ ಓದಿ. ಮರಿ ಈಜತೊಡಗಿದ ಮೇಲೆ ಓದಿದರೆ ಪ್ರಯೋಜನವಿಲ್ಲ. ದೊಡ್ಡ ಡಬ್ಬಿಯಿಂದ ತೆಗೆದು ಸಣ್ಣ ಪೊಟ್ಟಣಗಳಲ್ಲಿ ತುಂಬಿ ಮಾರುವ ಆರ್ಟೀಮಿಯಾ (ಮೀನುಮರಿಗೆ ಆಹಾರವಾಗುವ, ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆ ಒಡೆಯದೆ ಕೈಕೊಟ್ಟಿದ್ದರಿಂದ ನಮ್ಮ ಏಂಜೆಲ್ ಜೋಡಿಯ ಒಂದಿಡೀ ಸೂಲಿನ ಮರಿಗಳು ಹಸಿವಿನಿಂದ ಸತ್ತವು.

ಗಪ್ಪಿ, ಮೋಲಿ ಸಾಕಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅವು ಮರಿಯನ್ನೇ ಹಾಕುವ ಮೀನುಗಳು. ಮರಿ ದೊಡ್ಡದು, ಹುಟ್ಟಿದ ದಿನವೇ ಪುಡಿ ಆಹಾರ ತಿನ್ನುತ್ತದೆ. ಮೊಟ್ಟೆ ಇಡುವ ಮೀನಿನ ಕಥೆ ಹಾಗಲ್ಲ. ಏಂಜೆಲ್ ಮೊಟ್ಟೆ 27-28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 2-3 ದಿನಕ್ಕೆ ಒಡೆಯುತ್ತದೆ. ಅಲ್ಲಿಂದ ಮುಂದೆ 4-5 ದಿನ ಮರಿಗಳು ತಲೆಯನ್ನು ಎಲೆಗೆ ಅಂಟಿಸಿಕೊಂಡು ಬಾಲ ಮಾತ್ರ ಆಡಿಸುತ್ತಿರುತ್ತವೆ. ಆಗ ಏನೂ ಹಾಕಬಾರದು, ಹೊಟ್ಟೆಗಂಟಿದ ಹಳದಿ ಚೀಲವೇ ಅವುಗಳ ಬುತ್ತಿ. ಎಲೆ ಬಿಟ್ಟು ಈಜತೊಡಗುವ ಹೊತ್ತಿಗೆ ಅದು ಹೆಚ್ಚುಕಡಿಮೆ ಖಾಲಿ. ಅಂದಿನಿಂದ ಬಾಯಿಗೆ ಹಿಡಿಸುವ, ಕಣ್ಣೆದುರು ಅಲುಗಾಡುವ ಆಹಾರ ಬೇಕು. ಆಗತಾನೇ ಒಡೆದ ಆರ್ಟೀಮಿಯಾ ಮರಿ ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ, ಏಂಜೆಲ್ ಮರಿಗೆ ಹೇಳಿ ಮಾಡಿಸಿದ ತುತ್ತು. ಅಲುಗಾಡದ್ದನ್ನು ಇವು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ.

ಇದೆಲ್ಲ ಗೊತ್ತಿದ್ದೇ, ಮೀನು ಮೊಟ್ಟೆ ಇಟ್ಟ ದಿನವೇ ಆರ್ಟೀಮಿಯಾ ತರಿಸಿದ್ದೆ. "ನೂರಕ್ಕೆ ತೊಂಬತ್ತು ಒಡೆಯುತ್ತೆ, ನಾನು ಗ್ಯಾರಂಟಿ" ಅಂತ ಮಾರಿದವರು ಹೇಳಿದ್ದರು. ಪೊಟ್ಟಣದ ಮೇಲೆ 90% ಅಂತ ಒಂದು ಚೀಟಿ ಅಂಟಿಸಿತ್ತು. ಎಲ್ಲಿಂದ ಬಂದದ್ದು, ಯಾವಾಗ ಪ್ಯಾಕ್ ಆದದ್ದು, ಎಲ್ಲಿಯವರೆಗೆ ಬಳಸಬಹುದು, ಒಂದೂ ಇಲ್ಲ.

ಮರಿ ಈಜುವ ಹಿಂದಿನ ದಿನ ಲೀಟರಿಗೆ 30 ಗ್ರಾಂನಷ್ಟು ಉಪ್ಪು ಕರಗಿಸಿ, ನೀರು ಬೆಚ್ಚಗಿಟ್ಟು, ತಳದಿಂದ ಜೋರಾಗಿ ಗಾಳಿ ಕೊಟ್ಟು, ಲೈಟ್ ಹಾಕಿ ಆ ಮೊಟ್ಟೆಗಳನ್ನು ಒಡೆಯಲು ಇಟ್ಟೆ. ಒಳ್ಳೆಯ ಮೊಟ್ಟೆಯಾದರೆ 24 ಗಂಟೆಯ ಹೊತ್ತಿಗೆ ಗಾಳಿ ನಿಲ್ಲಿಸಿ ಟಾರ್ಚ್ ಹಿಡಿದರೆ ಸಾಕು, ಕಿತ್ತಳೆ ಬಣ್ಣದ ಮರಿಗಳು ಮುತ್ತಿಕೊಂಡು ಬೆಳಕಿನ ಕಡೆ ಬರುತ್ತವೆ. ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಇಲ್ಲಿ ಬೆಳಕಿಗೆ ಏನೂ ಬರಲಿಲ್ಲ. ಕಂದು ಪುಡಿಯೆಲ್ಲ ತಳಕ್ಕೆ ಕೂತಿತ್ತು, ನೀರು ನಾರುತ್ತಿತ್ತು. ಹೊಸದಾಗಿ ಉಪ್ಪುನೀರು ಮಾಡಿ ಮತ್ತೆ ಇಟ್ಟರೂ ಅದೇ ಗತಿ.

ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಅಷ್ಟರವರೆಗೆ ಫ್ರೈ ಪೌಡರ್ ಕೊಡಿ, ಎಲ್ಲ ಮರಿಗೂ ಆಗುತ್ತೆ." ಫ್ರೈ ಪೌಡರ್ ಅಂದರೆ ಮೀನುಮರಿಗೆಂದು ಮಾರುವ ಪುಡಿ ಆಹಾರ. ಬೇರೆ ದಾರಿ ಇರಲಿಲ್ಲ, ಹಾಕಿದೆ. ಪುಡಿ ಮೇಲೆ ಹರಡಿ ನಿಧಾನ ಕೆಳಗಿಳಿಯಿತು. ಮರಿಗಳು ಅದರ ನಡುವೆಯೇ ಈಜಿ ಹೋದವು, ಬಾಯಿ ಹಾಕಿದ್ದು ಎಲ್ಲೋ ಒಂದೆರಡು. ಲೆನ್ಸ್ ಹಿಡಿದು ನೋಡಿದರೆ ಹೊಟ್ಟೆ ಒಳಕ್ಕೆ ಹೋಗಿ, ಕಣ್ಣು-ತಲೆ ಮಾತ್ರ ದೊಡ್ಡದಾಗಿ, ಹಿಂದಕ್ಕೆ ದಾರದಂಥ ಮೈ. ಮೊದಲು ಗುಂಪಿನಿಂದ ಒಂದೊಂದೇ ಬೇರೆಯಾದವು, ಆಮೇಲೆ ತಲೆ ಕೆಳಗೆ ಮಾಡಿ ಸುತ್ತತೊಡಗಿದವು. ತಿನ್ನದೆ ಉಳಿದ ಪುಡಿ ಕೊಳೆತು ಅಮೋನಿಯಾ ಬೇರೆ ಏರಿತು. ಟೆಸ್ಟ್ ಕಿಟ್‌ನಲ್ಲಿ ಹಳದಿ ಇರಬೇಕಾದ ಬಣ್ಣ ಹಸಿರಿಗೆ ತಿರುಗಿತ್ತು. ಪಿಎಚ್ 7 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅಮೋನಿಯಾದ ವಿಷರೂಪ ಸುಮಾರು ಹತ್ತು ಪಟ್ಟು ಹೆಚ್ಚು, ಹಾಗಾಗಿ ಗಡಸು ನೀರು ಬಳಸುವವರಿಗೆ ಈ ಅಪಾಯ ಇನ್ನೂ ದೊಡ್ಡದು. ನೀರು ಬದಲಿಸುತ್ತಾ ಬಂದರೂ ಹಸಿದ ಮರಿಗಳಿಗೆ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಎಲೆಯ ಮೇಲೆ ನೂರಾರು ಬಾಲಗಳು ಆಡುವುದನ್ನು ಕಂಡವರಿಗೆ ಈ ಸಂಕಟ ಅರ್ಥವಾದೀತು.

ಕೊನೆಗೆ ಮಾರಿದವರು "ನಿಮ್ಮ ನೀರೇ ಸರಿಯಿಲ್ಲ" ಅಂದರು. ಪರಿಚಯದವರೊಬ್ಬರು ಸೀಲ್ ಡಬ್ಬಿಯಿಂದ ಒಂದು ಚಿಟಿಕೆ ಮೊಟ್ಟೆ ಕೊಟ್ಟರು. ಅದೇ ಬಾಟಲಿ, ಅದೇ ಉಪ್ಪು, ಅದೇ ನೀರು. ಮರುದಿನ ಬಾಟಲಿ ತುಂಬ ಕಿತ್ತಳೆ.

ಆರ್ಟೀಮಿಯಾ ಮೊಟ್ಟೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ ನಿಜ, ಆದರೆ ಒಣಗಿದ್ದರೆ ಮಾತ್ರ. ಡಬ್ಬಿ ತೆರೆದಿಟ್ಟು ದಿನಾ ಅಷ್ಟಷ್ಟು ಅಳೆದು ಕೊಡುವಾಗ ಗಾಳಿಯ ತೇವ ಹೀರಿಕೊಂಡು ಒಳಗೇ ಸಾಯುತ್ತದೆ. ಸತ್ತದ್ದಕ್ಕೂ ಬದುಕಿದ್ದಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಚೀಟಿಯ ಮೇಲಿನ ಸಂಖ್ಯೆ ಡಬ್ಬಿ ಸೀಲ್ ಆಗಿದ್ದಾಗಿನದ್ದು, ಅದೂ ನಿಜವಾಗಿದ್ದರೆ. ಇನ್ನೊಂದು ಮೋಸವಿದೆ: ಚಿಪ್ಪು ತೆಗೆದು ಒಣಗಿಸಿದ ಮೊಟ್ಟೆ. ಅದು ಒಳ್ಳೆಯ ಆಹಾರವೇ, ಆದರೆ ಎಂದೂ ಒಡೆಯುವುದಿಲ್ಲ. ಕೆಲವರು ಅದನ್ನೂ "ಮರಿ ಬರುತ್ತೆ" ಅಂತಲೇ ಮಾರುತ್ತಾರೆ. ಕೊಳ್ಳುವಾಗ ಬಿಡಿಸಿ ಕೇಳಿ.

ಆದ್ದರಿಂದ ಮೀನು ಜೋಡಿಯಾಗುವ ಸೂಚನೆ ಕಂಡಾಗಲೇ ಪೊಟ್ಟಣ ತಂದು ಒಂದು ಚಿಟಿಕೆ ಒಡೆಸಿ ನೋಡಿ. 36 ಗಂಟೆಯಾದರೂ ಕಿತ್ತಳೆ ಕಾಣದಿದ್ದರೆ ಆ ಪೊಟ್ಟಣ ವಾಪಸ್ ಮಾಡಿ, ಬೇರೆ ತರಲು ಇನ್ನೂ ಸಮಯವಿರುತ್ತದೆ. ತಾರೀಖಿರುವ ಸೀಲ್ ಡಬ್ಬಿಯನ್ನೇ ಕೊಳ್ಳಿ, ತೆರೆದ ಮೇಲೆ ಗಾಳಿಯಾಡದ ಡಬ್ಬದಲ್ಲಿ ತಂಪಾದ ಕಡೆ ಇಡಿ. ಒಡೆದ ಮರಿಗಳನ್ನು ಬೇಗ ತಿನ್ನಿಸಿ, ತಡವಾದಷ್ಟೂ ಸತ್ವ ಕಡಿಮೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದೇ ಹಾಕಿ. ಚಿಪ್ಪು ಸೇರದಂತೆ ನೋಡಿಕೊಳ್ಳಿ, ಅದು ಜೀರ್ಣವಾಗುವುದಿಲ್ಲ. ತಿಂದ ಮೀನುಮರಿಯ ಹೊಟ್ಟೆ ಕಿತ್ತಳೆಯಾಗಿ ಉಬ್ಬಿರುವುದು ಹೊರಗಿನಿಂದಲೇ ಕಾಣುತ್ತದೆ, ಆ ಬಣ್ಣ ಕಾಣುವವರೆಗೆ ಮರಿ ತಿಂದಿದೆ ಅಂದುಕೊಳ್ಳಬೇಡಿ.

ಈಗಾಗಲೇ ಮರಿ ಈಜುತ್ತಿದ್ದು ಕೈಯಲ್ಲಿರುವ ಮೊಟ್ಟೆ ಒಡೆಯುತ್ತಿಲ್ಲ ಅನ್ನುವವರು ಪುಡಿ ಸುರಿಯಬೇಡಿ. ಮೀನು ಸಾಕುವ ಯಾರ ಬಳಿಯಾದರೂ ವಿನೆಗರ್ ಹುಳು ಅಥವಾ ಮೈಕ್ರೋವರ್ಮ್ (ಎರಡೂ ಮೀನುಮರಿಗೆ ಜೀವಂತವಾಗಿ ತಿನ್ನಿಸುವ, ದಾರದಂಥ ಪುಟ್ಟ ಹುಳುಗಳು) ಇದೆಯೇ ಕೇಳಿ. ವಿನೆಗರ್ ಹುಳು ಸಿಹಿನೀರಿನಲ್ಲೂ ದಿನಗಟ್ಟಲೆ ಬದುಕಿ ಈಜಾಡುತ್ತಿರುತ್ತದೆ, ನೀರು ಬೇಗ ಕೆಡುವುದಿಲ್ಲ. ಮೈಕ್ರೋವರ್ಮ್ ತಳಕ್ಕಿಳಿಯುತ್ತದೆ, ಅದನ್ನು ಕೊಡುವವರು ತೊಟ್ಟಿಯ ತಳದಲ್ಲಿ ಮರಳು ಇಡಬೇಡಿ.