3 ಸ್ಟಾರ್, ಅದರಲ್ಲಿ 2 ನೈಟ್ ಸಿಸ್ಟರ್‌ಗೆ

ಕಳೆದ ತಿಂಗಳು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಾಲ್‌ಬ್ಲಾಡರ್ ಆಪರೇಷನ್ ಮಾಡಿಸಿಕೊಂಡೆ. ಹೆಸರು ಬರೆಯಲ್ಲ, ಇನ್ನೂ ಒಂದು ಸಲ ತೋರಿಸಲು ಅಲ್ಲಿಗೇ ಹೋಗಬೇಕು. ಆಪರೇಷನ್ ಚೆನ್ನಾಗಿಯೇ ಆಯಿತು. ಹೊಟ್ಟೆ ಮೇಲೆ ನಾಲ್ಕು ಸಣ್ಣ ತೂತು, ಅಷ್ಟೇ. ರೂಮು ಚೊಕ್ಕಟ. ಕ್ಯಾಂಟೀನಿನ ರವೆ ಗಂಜಿ ಬಗ್ಗೆ ಮಾತಾಡದಿರುವುದೇ ವಾಸಿ. ನಾನು ಹೇಳಬೇಕೆಂದಿರುವುದು ನೋವಿನ ಇಂಜೆಕ್ಷನ್ ವಿಷಯ.

ಅದರ ಹೆಸರು ಟ್ರಮಡಾಲ್. ಮಾರ್ಫಿನ್ ಅನ್ನುವ ಜೋರು ನೋವಿನ ಔಷಧಿಯ ದಾಯಾದಿ, ಅದರಷ್ಟು ಜೋರಿಲ್ಲ. 2018ರಿಂದ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬಂದಿದೆ. ಇದೆಲ್ಲ ಆಮೇಲೆ ಮೆಡಿಕಲ್ ಶಾಪ್ ಇಟ್ಟಿರುವ ನನ್ನ ಭಾವ ಹೇಳಿದ್ದು.

ಮಧ್ಯಾಹ್ನ ಮೂರು ಗಂಟೆಗೆ ಹಗಲು ಡ್ಯೂಟಿಯ ಹುಡುಗಿ ಬಂದಳು, ಕೈಯ ನರಕ್ಕೆ ಹಾಕಿದ್ದ ಸೂಜಿಕೊಳವೆಯ (ಕ್ಯಾನುಲಾ) ಮುಚ್ಚಳ ತೆಗೆದಳು, ಸಿರಿಂಜ್ ಒತ್ತಿದಳು, ಹೋದಳು. ಹತ್ತು ಸೆಕೆಂಡೂ ಆಗಿರಲಿಲ್ಲ. ನೋವು ಇಳಿಯುವ ಮೊದಲೇ ಮೇಲಿದ್ದ ಫ್ಯಾನು ಗೋಡೆ ಕಡೆ ಜಾರಿ ಬಂದ ಹಾಗಾಯಿತು. ಮೈಯೆಲ್ಲ ಬೆವರು, ಬಾಯಿ ಒಣ ಒಣ, ಆಮೇಲೆ ವಾಂತಿ. ನಾನು ಟೈಲರ್. ಹೊಟ್ಟೆ ಹಿಂಡಿದಾಗ ಹೊಲಿಗೆ ಬಿಟ್ಟೇ ಹೋಯಿತು ಅಂದುಕೊಂಡೆ. ಬೆಲ್ ಒತ್ತಿದರೆ "ಕೆಲವ್ರಿಗೆ ಹಂಗಾಗುತ್ತೆ ಆಂಟಿ" ಅಂದಳು. ಸರಿ, ಮೊದಲೇ ಹೇಳಬಹುದಿತ್ತಲ್ವಾ?

ರಾತ್ರಿ 11ರ ಡೋಸ್‌ಗೆ ಬಂದವರು ಬೇರೆ ಸಿಸ್ಟರ್, ಐವತ್ತರ ಹತ್ತಿರ ವಯಸ್ಸು. ನನ್ನ ಕೈ ಹಿಡಿದು ನೋಡಿದರು. ಬೆರಳು ನಡುಗುತ್ತಿತ್ತು. ಸಿರಿಂಜನ್ನು ಟ್ರೇಯಲ್ಲಿ ಇಟ್ಟು, ಅತ್ತೆಗೆ ಫ್ಲಾಸ್ಕ್ ಕೊಟ್ಟು "ಅಮ್ಮ, ಸ್ವಲ್ಪ ಬಿಸಿನೀರು ತಂದ್ಬಿಡಿ" ಎಂದು ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಕೇಳಿದರು: "ಬಿಪಿ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತೀರಾ? ನಿದ್ದೆಗೆ, ಮನಸ್ಸಿಗೆ, ಫಿಟ್ಸ್‌ಗೆ?"

ತಗೋತೀನಿ. ಎರಡು ವರ್ಷದಿಂದ ಎಸಿಟಲೋಪ್ರಾಮ್, 10 ಎಂಜಿ, ಗಾಬರಿಗೆ. ಹೊಲಿಗೆ ಮಿಷನ್ನಿನ ಡ್ರಾಯರಲ್ಲಿ ಬಾಬಿನ್ ಡಬ್ಬಿಯೊಳಗೆ ಇರುತ್ತೆ. ಗುಟ್ಟು ಗೊತ್ತಿರುವುದು ಗಂಡನಿಗೆ, ಭಾವನಿಗೆ ಮಾತ್ರ. ಆಪರೇಷನ್ ಹಿಂದಿನ ರಾತ್ರಿಯೂ ನುಂಗಿದ್ದೆ. ಅಡ್ಮಿಟ್ ಆಗುವಾಗ ಕೌಂಟರಿನಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಪಕ್ಕದಲ್ಲಿ ಅತ್ತೆ, ನಾದಿನಿ, ಹಿಂದೆ ಉದ್ದ ಕ್ಯೂ. "ಬಿಪಿ ಒಂದೇ" ಅಂದುಬಿಟ್ಟಿದ್ದೆ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ಅಂಥ ಜಾಗದಲ್ಲಿ ನಿಲ್ಲಿಸಿ ಕೇಳುವವರದ್ದು?

ಸಿಸ್ಟರ್ ಆ ಡೋಸ್ ಕೊಡಲಿಲ್ಲ. ಡ್ಯೂಟಿ ಡಾಕ್ಟರನ್ನು ಕರೆಸಿದರು. ಅವರು ಜ್ವರ, ನಾಡಿ ನೋಡಿದರು, ಮಂಡಿ ತಟ್ಟಿದರು. ಈ ಎರಡು ಔಷಧಿ ಸೇರಿದರೆ ಮೈಯಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗಿ ನಡುಕ, ಬೆವರು, ಎದೆಬಡಿತ ಬರಬಹುದಂತೆ, ಕೆಲವರಿಗೆ ಫಿಟ್ಸ್ ಕೂಡ. ನನಗಾದದ್ದು ಅದೇ ಎಂದು ಅವರು ಹೇಳಲಿಲ್ಲ. ಬರೀ ಟ್ರಮಡಾಲ್‌ಗೂ ಬೆವರು, ವಾಂತಿ, ತಲೆಸುತ್ತು ಇದ್ದದ್ದೇ, ಬೇಗ ಒತ್ತಿದರೆ ಇನ್ನೂ ಜಾಸ್ತಿ ಎಂದರು. ಪ್ಯಾರಾಸಿಟಮಾಲ್ ಡ್ರಿಪ್ ಹಾಕಿಸಿದರು.

ಅತ್ತೆ ನೀರು ತಂದು "ಏನಂತೆ?" ಅಂದರು. "ಇಂಜೆಕ್ಷನ್ ಒಗ್ಗಲಿಲ್ಲಮ್ಮ" ಅಂದರು ಸಿಸ್ಟರ್, ಅಷ್ಟೇ. ರಾತ್ರಿ ಎರಡು ಸಲ ಬಂದು, ವಾಚ್ ನೋಡುತ್ತ ನನ್ನ ಉಸಿರು ಎಣಿಸಿಕೊಂಡು ಹೋದರು. ಈ ಜಾತಿಯ ಔಷಧಿ ಉಸಿರಾಟವನ್ನೂ ನಿಧಾನ ಮಾಡಬಹುದಂತೆ.

ಇಷ್ಟಾದರೂ ಡಿಸ್ಚಾರ್ಜ್ ಚೀಟಿಯಲ್ಲಿ ಮತ್ತೆ ಟ್ರಮಡಾಲ್ ಸೇರಿದ ಮಾತ್ರೆ! ಹಗಲಿನವರು ರಾತ್ರಿಯ ಶೀಟ್ ತಿರುವಿಯೇ ನೋಡಿರಲಿಲ್ಲ. ಮಾತ್ರೆ ತರಲು ಹೋದಾಗ ಭಾವ ಹಿಡಿದರು, ಕೌಂಟರಿನಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು. ಬದಲಾಯಿಸಿ ಕೊಟ್ಟರು. ಅದಕ್ಕೇ ಮಿಕ್ಕ 2 ಸ್ಟಾರ್ ಕಟ್.

ಬಿಲ್ಲಿನಲ್ಲಿ ಆ ರಾತ್ರಿ ಕೊಡದ ಡೋಸ್‌ಗೂ ದುಡ್ಡು ಹಾಕಿದ್ದರು. ನಿಂತು ತೆಗೆಸಿಯೇ ಬಂದೆ.